ಬೆಟ್ಟಕ್ಕೊಂದು ಹಿಂಬಾಗಿಲು

ಬಾ ವಿಲ್ನರ್, ಬೂಟಿಗೆ ಪ್ಲಾಸ್ಟಿಕ್ ಸುತ್ತಿಕೋ.
ನಾನು ಒಡಾಲಿಸ್, ಮೇಡಂ ಗೀಡಂ ಬೇಡ.
ಗಾರೆ ಹಸಿಯಿರುವುದು ಮೂರೇ ಗಂಟೆ,
ಫ್ಲಾರಿಡಾದ ಬಿಸಿಲಿಗೆ ಅದೂ ಎರಡೂವರೆ.
ಅಷ್ಟರಲ್ಲಿ ಹತ್ತು ಸಾವಿರ ವರ್ಷದ
ಮಳೆ, ಗಾಳಿ, ಹಿಮ ಎಲ್ಲವೂ
ನಿನ್ನ ಕರಣೆಯ ತುದಿಯಿಂದ ಹಾದುಹೋಗಬೇಕು.

ಅವಸರ ಮಾಡು, ಅವಸರ ಕಾಣಿಸದ ಹಾಗೆ.

ಮೊದಲು ಕಬ್ಬಿಣದ ಕಂಬಿ, ಆಮೇಲೆ ಜಾಲರಿ,
ಜಾಲರಿಯ ಮೇಲೆ ಪೈಪು ಉಗುಳಿದ ಗಾರೆ.
ಮುದುಡಿದ ಅಲ್ಯುಮಿನಿಯಂ ಹಾಳೆ ಒತ್ತಿದರೆ
ಕಲ್ಲಿಗೆ ಚರ್ಮ ಬರುತ್ತದೆ.
ಕೆಳಗಿನ ಬಂಡೆ ವ್ಯಾನಿನಷ್ಟು, ಮೇಲಿನದು ಬ್ರೆಡ್ಡಿನಷ್ಟು,
ತುದಿಗೆ ಹೋದಂತೆ ತೆಳುನೀಲಿ.
ಅರವತ್ತು ಅಡಿ ಆರುನೂರಾಗುವುದು ಹೀಗೆ.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ;
ನಮಗೆ ಆ ದೂರವನ್ನೂ ಕೆತ್ತುವ ಕೆಲಸ.

ಬೆಟ್ಟ ಅಗೆದು ಇಲಿ ಹಿಡಿಯುವ ಕಷ್ಟವಂತೂ ಇಲ್ಲ.
ಹಿಂದೆ ಬಾಗಿಲಿದೆ, ಹಸಿರು ಬಣ್ಣ, ಬೀಗ ಕೆಟ್ಟಿದೆ.
ಒಳಗೆ ಪಂಪು, ಏಣಿ, ಯಾರೋ ಮರೆತ ಊಟದ ಡಬ್ಬಿ,
ಇಲಿಯೂ ಇದೆ.

ಅಪ್ಪ ಹಯಲೀಯದಲ್ಲಿ ಈಜುಕೊಳಗಳಿಗೆ ಗಾರೆ ಬಳಿಯುತ್ತಿದ್ದ,
ಒಂದರಲ್ಲೂ ಈಜಿದವನಲ್ಲ.
ಹತ್ತೊಂಬತ್ತಕ್ಕೆ ನಾನು ಇದೇ ಪಾರ್ಕಿನಲ್ಲಿ
ಐಸು ಹಾಕಿದ ನಿಂಬೆ ಶರಬತ್ತು ಮಾರುತ್ತಿದ್ದೆ.
ಗಾಡಿಯ ಹಿಂದೊಂದು ಬಂಡೆ. ಒಂದು ಮಧ್ಯಾಹ್ನ
ಬಿರುಕಿಗೆ ಹೆಬ್ಬೆರಳು ತೂರಿಸಿದರೆ
ಒಳಗೆ ಆಗಲೇ ಒಂದು ಹೆಬ್ಬೆರಳಿನ ಗುರುತು,
ನನ್ನದಕ್ಕಿಂತ ಸ್ವಲ್ಪ ದೊಡ್ಡದು.
ಅವತ್ತು ಶರಬತ್ತಿನ ಲೆಕ್ಕ ನಲವತ್ತು ಡಾಲರ್ ತಪ್ಪಿತು.

ಗ್ಯಾರೇಜಿನಲ್ಲಿ ಥರ್ಮೊಕೋಲು, ಅಮ್ಮನ ಅಡುಗೆ ಚಾಕು,
ಮೊಣಕಾಲೆತ್ತರದ ಶಿಖರಗಳು.
ಹನ್ನೊಂದು ಕಂಪನಿಗೆ ಫೋಟೊ ಕಳಿಸಿದೆ. ಹತ್ತು ಮೌನ.
ಒಂದು ಕೇಳಿತು: ಕೆತ್ತುತ್ತೀಯ, ಸರಿ,
ಎಪ್ಪತ್ತು ಪೌಂಡ್ ಎತ್ತುತ್ತೀಯಾ?

ಎತ್ತಿದೆ.
ಗೇಟು ತೆರೆದ ದಿನ ಬ್ಯಾಂಡು ಬಾರಿಸುತ್ತಿದ್ದಾಗ
ಕೈಯಲ್ಲಿ ಕೊನೆಯ ಚೆಕ್ಕು. ಕೆಲಸ ಮುಗಿದರೆ ಕೆಲಸ ಹೋಯಿತು,
ಇದೇ ಈ ಕಸುಬಿನ ಪಂಚಾಂಗ.
ಆಮೇಲೆ ಶಾಂಘೈಯಲ್ಲೊಂದು ಜ್ವಾಲಾಮುಖಿ,
ಅಬುಧಾಬಿಯಲ್ಲಿ ಹಿಮದ ಕಣಿವೆ,
ಎರಡು ವರ್ಷ ಏನೂ ಇಲ್ಲ, ಅಪ್ಪನ ಜೊತೆ ಈಜುಕೊಳ.
ನಡುವೆ ಒಂದು ಮದುವೆ. ಅದು ಇನ್ನೊಂದು ದಿನ.
ನಮ್ಮ ಹೆಸರು ಎಲ್ಲೂ ಬರೆದಿರುವುದಿಲ್ಲ ವಿಲ್ನರ್,
ಬರೆದರೆ ಬೆಟ್ಟ ಸುಳ್ಳಾಗುತ್ತದೆ.

ಈ ಸೀಮೆಯಲ್ಲಿ ಎತ್ತರವೆಂದರೆ
ಗಣಿಯವರು ಸುರಿದುಹೋದ ಬಿಳಿ ರಾಶಿ.
ನಿಜವಾದ ಬೆಟ್ಟ ನೋಡಿದ್ದು ನಲವತ್ತೊಂದಕ್ಕೆ,
ನಾರ್ತ್ ಕ್ಯಾರೊಲಿನಾ, ಬಸ್ಸಿನ ಕಿಟಕಿ.
ನಗಬೇಡ, ಮೊದಲು ಅನಿಸಿದ್ದು:
ಎಡಗಡೆಯ ಪದರ ಸರಿ ಬಂದಿಲ್ಲ,
ಮರ ಜಾಸ್ತಿಯಾಯಿತು, ಕಲ್ಲು ಓದಲಿಕ್ಕೇ ಆಗುವುದಿಲ್ಲ.
ನನ್ನ ಹುಡುಗರು ಮಾಡಿದ್ದರೆ ಒಡೆಸಿ ಮತ್ತೆ ಮಾಡಿಸುತ್ತಿದ್ದೆ.
ಇಳಿದು ಕೈಯಿಟ್ಟೆ.
ತಣ್ಣಗಿತ್ತು.
ಜುಲೈ ತಿಂಗಳ ನಡುಹಗಲು, ಒಳಗಿನಿಂದ ತಣ್ಣಗೆ.
ಇಪ್ಪತ್ತು ವರ್ಷ ಬರೀ ಕಣ್ಣಿಗೆ ಸುಳ್ಳು ಹೇಳಿದ್ದೆ,
ಅಂಗೈಯ ನೆನಪೇ ಬಂದಿರಲಿಲ್ಲ.

ಅಗೋ, ಕೆಂಪು ದಾರ ಕಟ್ಟಿದೆಯಲ್ಲ, ಸಾಲು ತಿರುಗುವ ಜಾಗ,
ನೆಲದಿಂದ ಎರಡೂವರೆ ಅಡಿ,
ಅಲ್ಲಿ ಗಾರೆ ತೆಳ್ಳಗೆ ಬಳಿ.
ಹಿಂದೆ ಏಸಿಯ ತಣ್ಣೀರಿನ ಪೈಪು ಹಾಯುತ್ತದೆ.
ಎಂಜಿನಿಯರ್ ಮಾರ್ಲಿಸ್‌ಳನ್ನು ಎರಡು ತಿಂಗಳು ಬೇಡಿ,
ಒಂದು ಬಾಟಲಿ ರಮ್ಮು ಕೊಟ್ಟು ಬಗ್ಗಿಸಿಕೊಂಡದ್ದು.
ನಕ್ಷೆಯಲ್ಲಿಲ್ಲ. ಕೇಳಿದರೆ ಗೊತ್ತಿಲ್ಲ ಅನ್ನು.
ಬೆವರುತ್ತದೆ, ಪಾಚಿ ಕಟ್ಟುತ್ತದೆ, ನಿಜವಾದ ಪಾಚಿ;
ಬಣ್ಣದವರು ಬೈಯುತ್ತಾರೆ, ಬೈಯಲಿ.
ಮುಕ್ಕಾಲು ಗಂಟೆ ನಿಂತು ಸೋತ ಮಗು
ಸುಮ್ಮನೆ ಒರಗುತ್ತದೆ, ಕೆನ್ನೆ ಇಡುತ್ತದೆ,
ಅಮ್ಮನಿಗೆ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ
ಸಾಲು ಮುಂದೆ ಸರಿಯುತ್ತದೆ.

ಕರಣೆ ಹಿಡಿ. ಹಾಗಲ್ಲ, ಸಡಿಲವಾಗಿ.
ಬಿರುಕಿನೊಳಗೆ, ಯಾರೂ ಬಗ್ಗಿ ನೋಡದ ಕಡೆ,
ನಿನ್ನ ಹೆಬ್ಬೆರಳು ಎಲ್ಲಿಟ್ಟೆ ಅಂತ
ನನಗೂ ತೋರಿಸಬೇಡ.